ಹಳೇ ಜೀಪಿನ ಹರಿಕೇನ್ ಇಂಜಿನ್: ಬೋರ್ ಮಾಡಿಸೋದಾ, ಬೇರೆ ಇಂಜಿನ್ ಕೂರಿಸೋದಾ?

ನಗರದ ತೋಟ:

ಎಲ್ಲರಿಗೂ ನಮಸ್ಕಾರ. ಹೊಸನಗರ ತಾಲೂಕಿನ ನಗರ ಅನ್ನುವ ಊರಿನ ಹತ್ತಿರ ನಮ್ಮ ಅಡಿಕೆ ತೋಟ. ಮನೆಯಲ್ಲಿ 1968ರ ಮಹೀಂದ್ರಾ ಜೀಪಿದೆ, ಸಿಜೆ–3ಬಿ. ದೊಡ್ಡಪ್ಪ ತಗೊಂಡಿದ್ದು. ಪೆಟ್ರೋಲ್ ಹರಿಕೇನ್ ಇಂಜಿನ್, ಮೂರು ಗೇರು, ಫೋರ್ ವೀಲ್. ಶೆಡ್ಡಿನಲ್ಲಿ ಬಟ್ಟೆ ಮುಚ್ಚಿ ನಿಲ್ಲಿಸಿದ ಗಾಡಿ ಅಲ್ಲ. ಸೊಪ್ಪಿನ ಬೆಟ್ಟದಿಂದ ಸೊಪ್ಪು, ದರಕು (ಒಣ ಎಲೆ) ತರುತ್ತದೆ. ಅಡಿಕೆ ಕೊಯ್ಲಿನ ಟೈಮಲ್ಲಿ ಗೊನೆ ಹೊರುತ್ತದೆ. ಆಗಾಗ ಹೊಸನಗರ ಪೇಟೆಗೂ ಹೋಗಿ ಬರುತ್ತೇವೆ.

ಹೋದ ಮಳೆಗಾಲದಿಂದ ತೊಂದರೆ ಶುರುವಾಗಿದೆ. ಹುಲಿಕಲ್ ಘಾಟಿ ಇಳಿಯುವಾಗ ಆಕ್ಸಲರೇಟರ್ ಬಿಟ್ಟು, ಕೆಳಗೆ ಬಂದು ಮತ್ತೆ ಒತ್ತಿದರೆ ಹಿಂದೆ ನೀಲಿ ಹೊಗೆ. ಬಿಸಿಯಾದ ಮೇಲೆ ಐಡಲಿಂಗ್‌ನಲ್ಲಿ ಕುಂಟುತ್ತದೆ. ಬೆಟ್ಟದ ದಾರಿಯಲ್ಲಿ ಲೋಡ್ ಇದ್ದರೆ ಮೊದಲಿನ ಎಳೆತ ಇಲ್ಲ. ಆಯಿಲ್ ಕೂಡ ಮೇಲಿಂದ ಮೇಲೆ ಹಾಕಬೇಕಾಗಿದೆ.

ಪೇಟೆಯ ಮೆಕ್ಯಾನಿಕ್ ಒಬ್ಬರು ಸ್ಟಾರ್ಟ್ ಮಾಡಿಸಿ ನೋಡಿ, "ಬ್ಲಾಕ್ ಮುಗಿದಿದೆ, ಇದಕ್ಕೆ ದುಡ್ಡು ಹಾಕಬೇಡಿ" ಅಂದರು. ಮಾರುತಿ ಜಿಪ್ಸಿಯ ಎಂಪಿಎಫ್ಐ (ಕಾರ್ಬುರೇಟರ್ ಬದಲು ಇಂಜೆಕ್ಟರ್ ಇರುವ) ಪೆಟ್ರೋಲ್ ಇಂಜಿನ್ ಒಂದು ಸಿಗುತ್ತದಂತೆ. ಇಲ್ಲವಾದರೆ ಬೊಲೆರೋ ಡೀಸೆಲ್ ಇಂಜಿನ್ ಕೂರಿಸಿ ಕೊಡುತ್ತೇನೆ ಅನ್ನುತ್ತಾರೆ. ತಮ್ಮ ಬೆಂಗಳೂರಿನಲ್ಲಿದ್ದಾನೆ, ಅವನಿಗೆ ಜಿಪ್ಸಿ ಇಂಜಿನ್ನೇ ಆಗಬೇಕು. ಅಪ್ಪ ಮಾತ್ರ ಇಂಜಿನ್ ಎತ್ತುವುದೇ ಬೇಡ ಅನ್ನುತ್ತಾರೆ, ಕಾರಣ ಹೇಳಲ್ಲ. ನನಗೆ ಗಾಡಿ ಕೆಲಸ ಮಾಡಬೇಕು, ಮನೆಯಲ್ಲೂ ಉಳಿಯಬೇಕು. ಮಾಡಿಸಿ ಅನುಭವ ಇದ್ದವರು ಹೇಳಿ.

ಕೊಪ್ಪದ ಡೀಸೆಲ್:

ನಮ್ಮದೂ ಪೆಟ್ರೋಲ್ ಜೀಪೇ ಆಗಿತ್ತು. ಮಹೀಂದ್ರಾ ಡಿಐ ಡೀಸೆಲ್ ಇಂಜಿನ್ ಹಾಕಿಸಿದೆವು. ಕಾಫಿ ತೋಟದ ಒಳಗೇ ಓಡುತ್ತದೆ, ಗೇಟು ದಾಟುವುದು ಇಲ್ಲವೇ ಇಲ್ಲ ಅನ್ನಬಹುದು. ಇಂಧನದ ಖರ್ಚು ಸುಮಾರು ಅರ್ಧಕ್ಕೆ ಇಳಿಯಿತು. ಮಳೆಯಲ್ಲಿ ಡಿಸ್ಟ್ರಿಬ್ಯೂಟರ್ ಒರೆಸುವ ಕೆಲಸ ತಪ್ಪಿತು. ಬೇಕಾದ ಸಾಮಾನು ಕೊಪ್ಪದಲ್ಲೇ ಸಿಗುತ್ತದೆ. ನನಗೆ ಬೇಸರ ಇಲ್ಲ.

ಆದರೆ ಹೇಳಬೇಕಾದ್ದು ಹೇಳುತ್ತೇನೆ. ಮುಂದಿನ ಸ್ಪ್ರಿಂಗ್ ಪಟ್ಟಾ ಕುಸಿಯಿತು, ಎಲೆ ಸೇರಿಸಬೇಕಾಯಿತು. ನಡುಕ ಜಾಸ್ತಿ, ಬಾಡಿಯ ಬೋಲ್ಟುಗಳು ಸಡಿಲ ಆಗುತ್ತಲೇ ಇರುತ್ತವೆ. ರಸ್ತೆಗೆ ಹೋದರೆ ಓಟ ಇಲ್ಲ.

ಬೋರಿಂಗ್ ಶಾಪ್, ಶಿವಮೊಗ್ಗ:

ನಗರದ ತೋಟದವರೆ, ನಿಮ್ಮ ಬರಹ ಎರಡು ಸಲ ಓದಿದೆ. ಅದರಲ್ಲಿ ಹೊಗೆ ಇದೆ, ಕುಂಟುವುದಿದೆ, ಎಳೆತ ಇಲ್ಲ ಅಂತಿದೆ. ಒಂದೇ ಒಂದು ಅಳತೆ ಇಲ್ಲ. ಅಳೆಯದೆ ಬ್ಲಾಕ್ ಮುಗಿದಿದೆ ಅಂತ ಹೇಳಿದ್ದು ನನಗೆ ನಿಜವಾಗಿ ಸಂಕಟ ಆಯಿತು. ಆಟೋ ಕಾಂಪ್ಲೆಕ್ಸಿನಲ್ಲಿ ನನ್ನ ಬೋರಿಂಗ್ ಮತ್ತು ಲೇತ್ ಕೆಲಸ. ಮಲೆನಾಡಿನ ಜೀಪುಗಳ ಬ್ಲಾಕ್ ನನ್ನ ಬೆಂಚಿನ ಮೇಲೆ ಬರುತ್ತಲೇ ಇರುತ್ತವೆ. ಮುಗಿದಿದೆ ಅಂತ ತಂದದ್ದರಲ್ಲಿ ಎಷ್ಟೋ ಬ್ಲಾಕ್ ಇನ್ನೊಂದು ಬೋರ್, ಅಂದರೆ ಸಿಲಿಂಡರ್ ಒಳಗೋಡೆ ಕೊರೆದು ಅಗಲ ಮಾಡುವ ಕೆಲಸ, ತಾಳುವಂಥವು.

ಮೊದಲು ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗೆ ಏಳುವ ಒತ್ತಡ ನೋಡಿ. ಇಂಜಿನ್ ಬಿಸಿ ಇರಲಿ, ನಾಲ್ಕೂ ಪ್ಲಗ್ ಬಿಚ್ಚಿ, ಆಕ್ಸಲರೇಟರ್ ಪೂರ್ತಿ ಒತ್ತಿ ಹಿಡಿದು ಕ್ರ್ಯಾಂಕ್ ಮಾಡಿ. ಒಳ್ಳೆ ಹರಿಕೇನ್ 120–130 ಪಿಎಸ್ಐ ತೋರಿಸುತ್ತದೆ. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ಪಿಸ್ಟನ್ ರಿಂಗು ಅಥವಾ ಬೋರು (ಸಿಲಿಂಡರ್ ಒಳಗೋಡೆ) ಸವೆದಿದೆ. ಏರದಿದ್ದರೆ ವಾಲ್ವ್. ಈ ಗೇಜು ಯಾವ ಗ್ಯಾರೇಜಿನಲ್ಲಾದರೂ ಸಿಗುತ್ತದೆ.

ನೀವು ಹೇಳಿದ ನೀಲಿ ಹೊಗೆ ಘಾಟಿ ಇಳಿದು ಮತ್ತೆ ಒತ್ತಿದಾಗ ಬರುತ್ತದೆ ಅಲ್ವಾ? ಹತ್ತುವಾಗ ಒಂದೇ ಸಮ ಹೊಗೆ ಬಂದರೆ ರಿಂಗಿನ ಮೇಲೆ ಅನುಮಾನ. ಇಳಿಯುವಾಗ ಥ್ರಾಟಲ್ ಮುಚ್ಚಿರುತ್ತದೆ, ಇಂಜಿನ್ ಗಾಳಿಗಾಗಿ ಜೋರಾಗಿ ಎಳೆಯುತ್ತದೆ, ಆಗ ವಾಲ್ವ್ ಗೈಡ್ (ವಾಲ್ವಿನ ಕಡ್ಡಿ ಜಾರುವ ಕೊಳವೆ) ಸವೆದಿದ್ದರೆ ಅದರ ಸಂದಿಯಿಂದ ಆಯಿಲ್ ಒಳಗೆ ಹೋಗುತ್ತದೆ. ಹರಿಕೇನ್ ಎಫ್ ಹೆಡ್ ಇಂಜಿನ್. ಇನ್‌ಟೇಕ್ ವಾಲ್ವ್ ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವ್ ಬ್ಲಾಕಿನಲ್ಲಿ. ಇನ್‌ಟೇಕ್ ಗೈಡ್ ಬದಲಾಯಿಸಲು ಹೆಡ್ ಒಂದು ಬಿಚ್ಚಿದರೆ ಸಾಕು. ಅಷ್ಟಕ್ಕೆ ಇಂಜಿನ್ನೇ ಎತ್ತಿ ಗುಜರಿಗೆ ಹಾಕಬೇಕಾ?

ಇನ್ನು ಬೇರೆ ಇಂಜಿನ್ ವಿಷಯ. ಜಿಪ್ಸಿಯ 1298 ಸಿಸಿ ಇಂಜಿನ್ ಒಳ್ಳೆಯದು, ಅದರಲ್ಲಿ ಮಾತಿಲ್ಲ. 80 ಎಚ್‌ಪಿ. ಆದರೆ ಅದರ ಟಾರ್ಕ್, ಅಂದರೆ ತಿರುಗಿಸುವ ಬಲ, 103 ನ್ಯೂಟನ್ ಮೀಟರ್, ಅದೂ 4500 ಆರ್‌ಪಿಎಂನಲ್ಲಿ. ನಿಮ್ಮ ಹರಿಕೇನ್ 2199 ಸಿಸಿ. ಕಂಪನಿ ಲೆಕ್ಕದಲ್ಲಿ ಎಚ್‌ಪಿ 72–75, ಟಾರ್ಕ್ ಸುಮಾರು 155, ಅದು ಬರುವುದು 2000 ಆರ್‌ಪಿಎಂನಲ್ಲೇ. ಅಳೆಯುವ ರೀತಿ ಆಗಿನದ್ದು ಈಗಿನದ್ದು ಬೇರೆ, ಹಾಗಾಗಿ ಸ್ವಲ್ಪ ಕಳೆದು ನೋಡಿ. ಆದರೂ ವ್ಯತ್ಯಾಸ ದೊಡ್ಡದು. ಪಿಸ್ಟನ್ ಅಗಲ 79 ಮಿಲಿಮೀಟರ್, ಅದು ಏರಿಳಿಯುವ ದೂರ 111 ಮಿಲಿಮೀಟರ್. ನಿಧಾನಕ್ಕೆ ತಿರುಗಿ ಎಳೆಯಲೆಂದೇ ಮಾಡಿದ ಇಂಜಿನ್ ಅದು. ಸೊಪ್ಪು ಹೇರಿಕೊಂಡು ಕೆಸರಿನ ಏರು ಹತ್ತುವಾಗ ನಿಮಗೆ ಬೇಕಾದ್ದು ಆ ಎಳೆತವೇ. ಜಿಪ್ಸಿ ಇಂಜಿನ್ ಹಾಕಿದರೆ ಪ್ರತಿ ಏರಿನಲ್ಲೂ ರೇಸ್ ಮಾಡಿ ಕ್ಲಚ್ ಸುಡಬೇಕು.

ಆ ಇಂಜಿನ್ನಿನ ಹಿಂದೆ ಇರುವುದನ್ನೂ ನೋಡಿ. ಟಿ–90 ಗೇರ್‌ಬಾಕ್ಸ್, ಸ್ಪೈಸರ್ 18 ಟ್ರಾನ್ಸ್‌ಫರ್, 5.38 ರೇಶಿಯೋದ ಆಕ್ಸಲ್. ಟ್ರಾನ್ಸ್‌ಫರ್ ಅಂದರೆ ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ. ಅದರ ಲೋ ಹಾಕಿ ಫಸ್ಟ್ ಗೇರಿನಲ್ಲಿ ಹೋದರೆ ಇಂಜಿನ್ 37 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು. ಎಲ್ಲ ಒಂದಕ್ಕೊಂದು ಲೆಕ್ಕ ಹಾಕಿ ಮಾಡಿದ್ದು. ಅದೇ ಆಕ್ಸಲ್‌ನಲ್ಲಿ, 6.00–16 ಟೈರಿನಲ್ಲಿ ಟಾಪ್ ಗೇರಿಗೆ 60 ಕಿಲೋಮೀಟರ್ ವೇಗಕ್ಕೆ ಇಂಜಿನ್ ಸುಮಾರು 2350 ಆರ್‌ಪಿಎಂ ತಿರುಗಬೇಕು. ಹಳೇ ಡಿಐ ಡೀಸೆಲ್ ಅಷ್ಟಕ್ಕೇ ಸುಸ್ತು. ಕೊಪ್ಪದವರು ರಸ್ತೆಯಲ್ಲಿ ಓಟ ಇಲ್ಲ ಅಂದರಲ್ಲ, ಕಾರಣ ಇದೇ. ಓಟ ಬೇಕೆಂದು ಆಕ್ಸಲ್ ರೇಶಿಯೋ ಬದಲಿಸಿದರೆ ಬೆಟ್ಟದ ದಾರಿಯಲ್ಲಿ ಹಿಡಿತ ಹೋಗುತ್ತದೆ. ಟ್ರಾನ್ಸ್‌ಫರ್ ಬದಲಿಸಿದರೆ ಇನ್ನೊಂದು ಪೇಚು: ಸ್ಪೈಸರ್ 18ರಲ್ಲಿ ಮುಂದಿನ, ಹಿಂದಿನ ಎರಡೂ ಶಾಫ್ಟ್ ಒಂದು ಪಕ್ಕದಿಂದ ಹೊರಡುತ್ತವೆ, ಹಿಂದಿನ ಡಿಫರೆನ್ಶಿಯಲ್ ಕೂಡ ಅದೇ ಸಾಲಿನಲ್ಲಿ ಬದಿಗಿದೆ. ಒಂದು ಬದಲಿಸಿದರೆ ಇನ್ನೊಂದಕ್ಕೆ ಕೈ ಹಾಕಲೇಬೇಕು.

ಎಂಪಿಎಫ್ಐ ಅಂದರೆ ಬರೀ ಇಂಜಿನ್ ಬರುವುದಿಲ್ಲ. ಇಸಿಎಂ (ಇಂಜಿನ್ನಿನ ಕಂಪ್ಯೂಟರ್) ಬರುತ್ತದೆ, ಸೆನ್ಸರ್, ವೈರಿಂಗ್, ಪ್ರೆಷರ್ ಪಂಪು, ರಿಟರ್ನ್ ಲೈನು ಎಲ್ಲ ಬರುತ್ತದೆ. ನಿಮ್ಮ ಪೆಟ್ರೋಲ್ ಟ್ಯಾಂಕ್ ಇರುವುದು ಡ್ರೈವರ್ ಸೀಟಿನ ಕೆಳಗೆ. ಪ್ರೆಷರ್ ಲೈನನ್ನು ಆ ಜಾಗದಿಂದ ಎಳೆಯುವ ಕೆಲಸ ಯಾರ್ಯಾರಿಗೋ ಕೊಡುವಂಥದ್ದಲ್ಲ. ಡೈನಮೋ ಸಾಕಾಗುವುದಿಲ್ಲ, ಆಲ್ಟರ್ನೇಟರ್ ಬೇಕು. ಹೊಸ ಇಂಜಿನ್ನನ್ನು ಹಳೇ ಗೇರ್‌ಬಾಕ್ಸಿಗೆ ಜೋಡಿಸುವ ಅಡಾಪ್ಟರ್ ಪ್ಲೇಟ್ ಕೂದಲೆಳೆಯಷ್ಟು ಓರೆಯಾದರೂ ಗೇರ್‌ಬಾಕ್ಸಿನ ಮುಂದಿನ ಬೇರಿಂಗ್ ಒಂದೇ ಮಳೆಗಾಲಕ್ಕೆ ಹೋಗುತ್ತದೆ. ಹಾಗೆ ಹೋದ ಬೇರಿಂಗ್‌ಗಳು ನನ್ನ ಹತ್ತಿರ ಬಂದಿವೆ. ಮಾಲೀಕರು ಗೇರ್‌ಬಾಕ್ಸ್ ಸರಿ ಇಲ್ಲ ಅಂತ ತರುತ್ತಾರೆ, ಡಯಲ್ ಇಟ್ಟು ನೋಡಿದರೆ ಪ್ಲೇಟಿನ ತೂತೇ ಓರೆ.

ಬ್ರೇಕು ಮರೆಯಬೇಡಿ. ನಿಮ್ಮದು 9 ಇಂಚಿನ ಡ್ರಮ್ಮು, ಒಂದೇ ಲೈನು. ವೇಗ ಹೆಚ್ಚಿಸುವ ಇಂಜಿನ್ ಹಾಕಿ ಅದೇ ಬ್ರೇಕಿನಲ್ಲಿ ಹುಲಿಕಲ್ ಇಳಿಯುವುದನ್ನು ನೆನೆಸಿಕೊಂಡರೇ ನನಗೆ ಹೆದರಿಕೆ.

ಕೊನೆಗೆ ಒಂದು ಮಾತು, ಇದು ನನ್ನ ಪ್ರೀತಿಯ ಮಾತು. ನಿಮ್ಮ ಜೀಪಿನ ಬಾನೆಟ್ ಹಳೇ ವಿಲ್ಲೀಸ್‌ಗಿಂತ ಎತ್ತರ ಇದೆ, ನೋಡಿದ್ದೀರಲ್ಲ? ಅಮೆರಿಕದಲ್ಲಿ 1953ರಲ್ಲಿ ಈ ಮಾಡೆಲ್ ಬಂದಾಗ ಹರಿಕೇನ್ ಇಂಜಿನ್ ಹಿಂದಿನದಕ್ಕಿಂತ ಎತ್ತರ ಇತ್ತು, ಹಳೇ ಬಾನೆಟ್ ಕೆಳಗೆ ಹಿಡಿಸಲಿಲ್ಲ. ಅದಕ್ಕೇ ಬಾನೆಟ್, ಗ್ರಿಲ್ ಎರಡನ್ನೂ ಎತ್ತರ ಮಾಡಿದರು. ಸಿಜೆ–3ಬಿಯ ಮುಖ ಹಾಗೆ ಆಗಿದ್ದೇ ಆ ಇಂಜಿನ್ನಿನಿಂದ. ನಿಮ್ಮ ಅಪ್ಪ ಬೇಡ ಅನ್ನುವುದು ನನಗೆ ಪೂರ್ತಿ ಅರ್ಥ ಆಗುತ್ತದೆ.

ಕೊಪ್ಪದವರಿಗೆ ನನ್ನ ವಿರೋಧ ಇಲ್ಲ. ಗೇಟಿನ ಒಳಗೇ ದುಡಿಯುವ ಗಾಡಿಗೆ, ಮೂಲ ಇಂಜಿನ್ ಸೀಳಿ ಹೋಗಿದ್ದರೆ ಡೀಸೆಲ್ ಸರಿಯೇ. ಅಳೆದು, ನೋಡಿ, ಆಮೇಲೆ ಹಾಕಿ ಅನ್ನುವುದಷ್ಟೇ ನನ್ನ ಮಾತು.

ಸಾಗರದ ಕೆಎ–15:

ಕಾಗದದ ವಿಷಯ ಯಾರೂ ಎತ್ತಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಸ್ಪೆಸಿಫಿಕೇಶನ್‌ಗೆ ವಿರುದ್ಧವಾಗಿ ಗಾಡಿ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಅದೇ ಜಾತಿಯ ಇಂಜಿನ್ ಆರ್‌ಟಿಓ ಒಪ್ಪಿಗೆ ಪಡೆದು ಹಾಕುವುದು ಬೇರೆ, ಪೆಟ್ರೋಲ್ ಜೀಪಿಗೆ ಬೊಲೆರೋ ಡೀಸೆಲ್ ಕೂರಿಸುವುದು ಬೇರೆ. ಆರ್‌ಸಿಯಲ್ಲಿ ಒಂದು ಇಂಜಿನ್ ನಂಬರ್, ಬಾನೆಟ್ ಕೆಳಗೆ ಇನ್ನೊಂದು ಇದ್ದರೆ ಎಫ್‌ಸಿಗೆ ಹೋದಾಗ ಸಿಕ್ಕಿಬೀಳುತ್ತೀರಿ. ಅಪಘಾತ ಆಗಿ ಇನ್ಶೂರೆನ್ಸ್ ಕೇಳಲು ಹೋದಾಗ ಇನ್ನೂ ಕಷ್ಟ.

ಇನ್ನೊಂದು ವಿಷಯ ಇದೆ. 2021ರಲ್ಲಿ ವಿಂಟೇಜ್ ಗಾಡಿಗಳಿಗೆ ಕೇಂದ್ರ ಸರ್ಕಾರ ನಿಯಮ ತಂದಿದೆ. ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಇಂಜಿನ್ ದೊಡ್ಡದಾಗಿ ಬದಲಾಗಿರಬಾರದು. ಹೊಸ ರಿಜಿಸ್ಟ್ರೇಷನ್‌ಗೆ 20,000 ರೂಪಾಯಿ, 10 ವರ್ಷಕ್ಕೆ ಕೊಡುತ್ತಾರೆ, ಮುಂದೆ ನವೀಕರಿಸಲು 5,000. ಆದರೆ ಆಮೇಲೆ ದಿನದ ಕೆಲಸಕ್ಕೆ ರಸ್ತೆಯಲ್ಲಿ ಓಡಿಸುವ ಹಾಗಿಲ್ಲ. ರ‍್ಯಾಲಿ, ಪ್ರದರ್ಶನ, ಪೆಟ್ರೋಲ್, ರಿಪೇರಿ ಇಂಥದ್ದಕ್ಕೆ ಮಾತ್ರ. ಪೇಟೆಗೆ ಹೋಗಿ ಬರುವ ನಿಮಗೆ ಈಗ ಅದು ಬೇಡ. ಆದರೆ 1968ರ ಜೀಪು ವಯಸ್ಸಿನ ಲೆಕ್ಕದಲ್ಲಿ ಅದಕ್ಕೆ ಬರುತ್ತದೆ. ಇಂಜಿನ್ ಬದಲಿಸಿದರೆ ಮುಂದೆ ಮಕ್ಕಳಿಗೆ ಬೇಕು ಅನ್ನಿಸಿದರೂ ಆ ದಾರಿ ಇರುವುದಿಲ್ಲ.

ನಗರದ ತೋಟ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬೋರಿಂಗ್ ಶಾಪಿನವರೆ, ನೀವು ಹೇಳಿದ ಹಾಗೇ ಗೇಜು ತಂದು ನೋಡಿದೆವು. 112, 108, 60, 110. ಮೂರನೆಯದು ಕೆಟ್ಟಿದೆ. ಆಯಿಲ್ ಬಿಟ್ಟ ಮೇಲೆ ಒಂದು, ಎರಡು, ನಾಲ್ಕು 120ರ ಹತ್ತಿರ ಬಂತು. ಮೂರನೆಯದು 63, ಅಷ್ಟೇ.

ಆಮೇಲೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕೆಳಗಿನ ಸೈಡ್ ಕವರ್ ಬಿಚ್ಚಿದೆ. ಕೈ ಹೋಗುವ ಜಾಗ ಅಲ್ಲ ಅದು, ಮೊಣಕೈ ಕೆರೆದುಹೋಯಿತು. ಇಂಜಿನ್ ತಣ್ಣಗಾಗಲಿ ಅಂತ ರಾತ್ರಿಯಿಡೀ ಬಿಟ್ಟಿದ್ದೆ. ಅಪ್ಪ ಮುಂದೆ ನಿಂತು ಹ್ಯಾಂಡಲ್ ತಿರುಗಿಸಿದರು, ನಾನು ವಾಲ್ವಿಗೂ ಅದನ್ನು ಎತ್ತುವ ಟ್ಯಾಪೆಟ್ಟಿಗೂ ನಡುವಿನ ಗ್ಯಾಪಿಗೆ ಫೀಲರ್ ಗೇಜ್ (ಅಳತೆಯ ತೆಳು ಎಲೆಗಳು) ಹಾಕಿ ನೋಡಿದೆ. ಬೇರೆ ಮೂರು ಎಕ್ಸಾಸ್ಟ್ ಟ್ಯಾಪೆಟ್‌ನಲ್ಲಿ 14, 15 ಥೌ (ಇಂಚಿನ ಸಾವಿರದ ಒಂದು ಭಾಗ) ಇದೆ. ಮೂರನೆಯದರಲ್ಲಿ ಅತಿ ತೆಳ್ಳಗಿನ ಎಲೆಯೂ ಹೋಗಲಿಲ್ಲ. ವಾಲ್ವ್ ಪೂರ್ತಿ ಮುಚ್ಚಿದೆ ಅಂತ ನೋಡಿಕೊಂಡೇ ಹಾಕಿದ್ದು. ಏನು ಅರ್ಥ ಇದಕ್ಕೆ?

ಬೋರಿಂಗ್ ಶಾಪ್, ಶಿವಮೊಗ್ಗ:

ಮಾರಾಯ್ರೆ, ಎಷ್ಟು ಚೆನ್ನಾಗಿ ನೋಡಿದ್ದೀರಿ! ಕಾಯಿಲೆ ಇರುವುದೇ ಅಲ್ಲಿ.

ಎಕ್ಸಾಸ್ಟ್‌ಗೆ 16 ಥೌ, ಇನ್‌ಟೇಕ್‌ಗೆ 18 ಥೌ ಇರಬೇಕು, ತಣ್ಣಗಿರುವಾಗ. ಎಕ್ಸಾಸ್ಟ್ ವಾಲ್ವ್ ಮುಚ್ಚಿ ಕೂರುವ ಸೀಟು ಸವೆಯುತ್ತ ಹೋದ ಹಾಗೆ ವಾಲ್ವ್ ಕೆಳಗೆ ಇಳಿಯುತ್ತದೆ, ಟ್ಯಾಪೆಟ್ ಗ್ಯಾಪ್ ತಾನಾಗೇ ಕಮ್ಮಿ ಆಗುತ್ತದೆ. ಗ್ಯಾಪ್ ಸೊನ್ನೆಗೆ ಬಂತು ಅಂದರೆ ಬಿಸಿಯಲ್ಲಿ ವಾಲ್ವ್ ಉದ್ದವಾಗಿ ಸೀಟಿನ ಮೇಲೆ ಪೂರ್ತಿ ಕೂರುವುದಿಲ್ಲ. ಬೆಂಕಿ ಆ ಸಂದಿಯಿಂದ ನುಗ್ಗಿ ವಾಲ್ವಿನ ಅಂಚು ಸುಟ್ಟಿರುತ್ತದೆ. ಬಿಸಿಯಾದ ಮೇಲೆ ಕುಂಟುತ್ತದೆ ಅಂದಿರಲ್ಲ, ಅದಕ್ಕೂ ಇದೇ ಕಾರಣ. ಸೀಸ ಇರುವ ಪೆಟ್ರೋಲ್ ನಮ್ಮಲ್ಲಿ 2000ದಲ್ಲೇ ನಿಂತಿತು. ಮೆದು ಸೀಟು ಇದ್ದ ಇಂಜಿನ್‌ಗಳಲ್ಲಿ ಆಮೇಲೆ ಈ ಸವೆತ ಜಾಸ್ತಿ. ಗಟ್ಟಿ ಲೋಹದ ಸೀಟ್ ರಿಂಗ್ ಕೂರಿಸಿದರೆ ಆ ಚಿಂತೆ ಕಳೆಯಿತು.

ಉಳಿದ ಮೂರರಲ್ಲಿ ಆಯಿಲ್ ಬಿಟ್ಟಾಗ ಹತ್ತು, ಹನ್ನೆರಡು ಪಿಎಸ್ಐ ಏರಿದೆ. ಅಂದರೆ ಬೋರು ಸ್ವಲ್ಪ ಸವೆದಿದೆ, ಸತ್ತಿಲ್ಲ.

ಈಗ ಹೆಡ್ ಬಿಚ್ಚಿ. ಆದರೆ ಪಿಸ್ಟನ್ ಸೆಟ್ಟಿಗೆ ಇವತ್ತೇ ದುಡ್ಡು ಕಟ್ಟಬೇಡಿ. ಈ ಬ್ಲಾಕುಗಳಿಗೆ ಒಂದು ದುರ್ಬಲ ಜಾಗ ಇದೆ, ಎಕ್ಸಾಸ್ಟ್ ಸೀಟು ಮತ್ತು ಸಿಲಿಂಡರ್ ನಡುವಿನ ಕಿರಿದಾದ ಗೋಡೆ. ವಾಲ್ವ್ ಸುಟ್ಟ ಕಡೆ ಅಲ್ಲಿ ಸೀಳು ಬಿಡುವುದುಂಟು. ಕರಿ ಎಲ್ಲ ತೆಗೆದು, ಡೈ ಪೆನೆಟ್ರೆಂಟ್ ಸ್ಪ್ರೇ ಹೊಡೆಸಿ. ಮೊದಲು ಕೆಂಪು, ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಮೇಲೆ ಬಿಳಿ. ಸೀಳು ಇದ್ದರೆ ಬಿಳಿ ಮೇಲೆ ಕೆಂಪು ಗೆರೆ ಎದ್ದು ಕಾಣುತ್ತದೆ. ಸೀಳು ಸೀಟಿನ ರಿಂಗ್ ಕೂರುವ ಜಾಗದಲ್ಲೇ ಮುಗಿದರೆ ದೊಡ್ಡ ರಿಂಗ್ ಹಾಕಿ ಉಳಿಸಬಹುದು. ಬೋರಿನ ಒಳಗೆ ಬಂದಿದ್ದರೆ ಆ ಸಿಲಿಂಡರಿಗೆ ಸ್ಲೀವ್, ಅಂದರೆ ಒಳಗೆ ಹೊಸ ಕೊಳವೆ ಬೇಕು. ನೀರಿನ ಜಾಗಕ್ಕೆ ಹೋಗಿದ್ದರೆ ಸ್ಟಿಚಿಂಗ್ (ಸೀಳಿನುದ್ದಕ್ಕೂ ಲೋಹದ ಪಿನ್ ಕೂರಿಸಿ ಮುಚ್ಚುವುದು) ಮಾಡಿಸಬೇಕು, ಇಲ್ಲವೇ ಇನ್ನೊಂದು ಹರಿಕೇನ್ ಬ್ಲಾಕ್ ಹುಡುಕಬೇಕು. ಆಗಲೂ ನಾನು ಹರಿಕೇನ್ನೇ ಹುಡುಕಿ ಅನ್ನುತ್ತೇನೆ. ಆರ್‌ಟಿಓ ಮುಂದೆ ಅದು ಅದೇ ಜಾತಿಯ ಇಂಜಿನ್, ಒಪ್ಪಿಗೆ ಪಡೆದು ಹಾಕಿದರೆ ಸಾಗರದವರು ಹೇಳಿದ ತೊಂದರೆ ಬರುವುದಿಲ್ಲ. ಬಿಲ್ ಮಾತ್ರ ಜೋಪಾನ.

ಬೋರಿನ ಮೇಲ್ತುದಿಯಲ್ಲಿ ಉಗುರು ಎಳೆದು ನೋಡಿ. ರಿಂಗು ಮುಟ್ಟದ ಜಾಗ, ಮುಟ್ಟುವ ಜಾಗ ಎರಡರ ನಡುವೆ ಮೆಟ್ಟಿಲು ಸಿಗುತ್ತದೆ. ಉಗುರು ತಡೆದು ನಿಂತರೆ ಬೋರ್ ಮಾಡಲೇಬೇಕು. ಸುಮ್ನೆ ಹೊಸ ರಿಂಗು ಹಾಕಿದರೆ ಆ ಮೆಟ್ಟಿಲಿಗೆ ಬಡಿದು ಮೇಲಿನ ರಿಂಗೇ ಮುರಿಯುತ್ತದೆ. ಡಯಲ್ ಗೇಜಿನಲ್ಲಿ ಮೇಲೆ, ನಡುವೆ, ಕೆಳಗೆ, ಎರಡೂ ದಿಕ್ಕಿಗೆ ಅಳೆದ ಮೇಲೆ ಯಾವ ಸೈಜಿಗೆ ಹೋಗಬೇಕು ಅಂತ ನಿರ್ಧಾರ ಮಾಡೋಣ. ಈಗ ಇರುವ ಪಿಸ್ಟನ್ ತಲೆ ಮೇಲೆ ಸೈಜು ಒತ್ತಿರುತ್ತಾರೆ, ಅದನ್ನೂ ಓದಿ ಬರೆಯಿರಿ. ಹಿಂದೆ ಎಷ್ಟು ಸಲ ಬೋರ್ ಆಗಿದೆ ಅಂತ ಅದು ಹೇಳುತ್ತದೆ. ಪಿಸ್ಟನ್, ರಿಂಗ್, ಗ್ಯಾಸ್ಕೆಟ್ ಬೆಂಗಳೂರಿನ ಜೆಸಿ ರೋಡಿನಲ್ಲಿ ಕೇಳಿ. ಆದರೆ ಪಿಸ್ಟನ್ ಮೊದಲು ನನ್ನ ಕೈಗೆ ಬರಲಿ, ಪಿಸ್ಟನ್ ಅಳತೆ ನೋಡಿಯೇ ಬೋರ್ ಹೊಡೆಯಬೇಕು. ಡಬ್ಬಿ ಮೇಲಿನ ನಂಬರ್ ನಂಬಿ ಹೊಡೆದರೆ ಆಗುವುದಿಲ್ಲ.

ಪೆಟ್ರೋಲ್ ಕಡೆಯೂ ಸ್ವಲ್ಪ ಗಮನ ಕೊಡಿ. ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥನಾಲ್ ಸೇರಿದ್ದು. ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ ಇದಕ್ಕೆ ತಾಳುವುದಿಲ್ಲ, ಉಬ್ಬಿ ಬಿರಿಯುತ್ತವೆ. ಎಥನಾಲ್‌ಗೆ ತಾಳುವ ಪೈಪು, ಡಯಾಫ್ರಮ್ ಹಾಕಿ. ಎಥನಾಲ್ ಗಾಳಿಯ ತೇವ ಹೀರುತ್ತದೆ. ನಿಮ್ಮ ಕಡೆ ಮಳೆ ಗೊತ್ತೇ ಇದೆಯಲ್ಲ. ಜೀಪು ಹೆಚ್ಚು ದಿನ ನಿಲ್ಲುವುದಾದರೆ ಅರ್ಧ ಟ್ಯಾಂಕ್ ಬಿಟ್ಟು ನಿಲ್ಲಿಸಬೇಡಿ, ಒಳಗೆ ತುಕ್ಕು ಹಿಡಿದು ಕಾರ್ಬುರೇಟರ್ ಜೆಟ್ ಕಟ್ಟುತ್ತದೆ. ಮಳೆಗಾಲದಲ್ಲಿ ಎಳೆತ ಕಮ್ಮಿ ಆಯಿತು ಅಂದಿರಿ, ಅದರಲ್ಲಿ ಇದರ ಪಾಲೂ ಇರಬಹುದು. ಟ್ಯಾಂಕ್ ಇಳಿಸಿ ಒಮ್ಮೆ ತೊಳೆಸಿ.

ನಗರದ ತೋಟ:

ಅಪ್ಪನಿಗೆ ನಿಮ್ಮ ಬಾನೆಟ್ಟಿನ ಮಾತು ಓದಿ ಹೇಳಿದೆ. ಎದ್ದು ಹೋಗಿ ಜೀಪಿನ ಮುಂದೆ ನಿಂತು ನೋಡಿ ಬಂದರು. ತಮ್ಮನಿಗೂ 37 ಸುತ್ತಿನ ಲೆಕ್ಕ ಕಳಿಸಿದ್ದೇನೆ, ಈಗ ಜಿಪ್ಸಿ ಸುದ್ದಿ ಎತ್ತುತ್ತಿಲ್ಲ. ಪಿಸ್ಟನ್ ತಲೆ ಮೇಲೆ 20 ಅಂತ ಒತ್ತಿದೆ. ಮೂರನೇ ವಾಲ್ವಿನ ಅಂಚು ನೀವು ಹೇಳಿದ ಹಾಗೇ ಸುಟ್ಟು, ಒಂದು ಕಡೆ ಕಚ್ಚಿ ತೆಗೆದ ಹಾಗಿದೆ. ಮೆಟ್ಟಿಲಿಗೆ ಉಗುರು ತಡೆಯುತ್ತದೆ. ಸ್ಪ್ರೇ ನಮ್ಮಲ್ಲಿ ಸಿಗಲಿಲ್ಲ. ಬ್ಲಾಕನ್ನೇ ಶಿವಮೊಗ್ಗಕ್ಕೆ ತರಲಾ?

ಬೋರಿಂಗ್ ಶಾಪ್, ಶಿವಮೊಗ್ಗ:

ತನ್ನಿ. 20 ಅಂದರೆ ಮೂಲ ಸೈಜಿಗಿಂತ 20 ಥೌ ದೊಡ್ಡದು, 40ಕ್ಕೆ ಹೋಗಲು ಜಾಗ ಇದೆ, ಸಂತೋಷದ ವಿಷಯ. ಅದಾದ ಮೇಲೂ ಸ್ಲೀವ್ ಇದೆ.

ತರುವಾಗ ಬ್ಲಾಕ್ ಒಂದನ್ನೇ ತರಬೇಡಿ. ಕ್ರ್ಯಾಂಕ್, ಕನೆಕ್ಟಿಂಗ್ ರಾಡ್, ಹೆಡ್ ಎಲ್ಲ ತನ್ನಿ. ಮೇನ್ ಬೇರಿಂಗ್ ಕ್ಯಾಪ್ ಮೂರಕ್ಕೂ ಬಿಚ್ಚುವ ಮೊದಲೇ ಸೆಂಟರ್ ಪಂಚ್‌ನಲ್ಲಿ ಗುರುತು ಹಾಕಿ, ಯಾವ ಕಡೆ ಮುಂದೆ ಅಂತಲೂ ಗುರುತು ಮಾಡಿ. ಕ್ರ್ಯಾಂಕ್ ತೆಗೆದ ಮೇಲೆ ಅವನ್ನು ಅದರದ್ದೇ ಜಾಗದಲ್ಲಿ ಮತ್ತೆ ಕೂರಿಸಿ ಬೋಲ್ಟ್ ಬಿಗಿದು ತನ್ನಿ. ರಾಡಿನ ಕ್ಯಾಪ್‌ಗಳೂ ಅದರದ್ದೇ ರಾಡಿಗೆ. ಟ್ಯಾಪೆಟ್, ವಾಲ್ವ್ ಎಲ್ಲ ನಂಬರ್ ಬರೆದ ಪ್ಲಾಸ್ಟಿಕ್ ಕವರಿನಲ್ಲಿ ಬೇರೆ ಬೇರೆ ಇಡಿ. ಗೋಣಿಚೀಲದಲ್ಲಿ ಎಲ್ಲ ಒಟ್ಟಿಗೆ ತುಂಬಿ ತಂದರೆ ಯಾವುದು ಎಲ್ಲಿಯದು ಅಂತ ಹುಡುಕುವುದರಲ್ಲೇ ದಿನ ಹೋಗುತ್ತದೆ. ಸುಟ್ಟ ವಾಲ್ವನ್ನು ಎಸೆಯಬೇಡಿ, ಅದನ್ನೂ ತನ್ನಿ, ಸೀಟಿನ ಜೊತೆ ಇಟ್ಟು ನೋಡಬೇಕು. ಡೈ ಸ್ಪ್ರೇ ನನ್ನ ಹತ್ತಿರ ಇದೆ, ನಿಮ್ಮೆದುರೇ ಹೊಡೆಯೋಣ. ಅಪ್ಪನನ್ನೂ ಕರ್ಕೊಂಡು ಬನ್ನಿ.